ವಾದ್ಯದ ಊರು, ಮನುಷ್ಯರ ಊರು

ಹೊರಗಿನಿಂದ ಬಂದದ್ದು ಎಷ್ಟು ಕಾಲ ಕಳೆದರೆ ನಮ್ಮದಾಗುತ್ತದೆ? ಸೌದಿ ಅರೇಬಿಯಾದ ರಾಸ್ ಅಲ್ ಖೈರ್‌ನಲ್ಲಿ ದುಡಿಯುವ ನನ್ನಂಥವನಿಗೆ ಇದು ಬರಿಯ ತತ್ತ್ವದ ಪ್ರಶ್ನೆಯಲ್ಲ. ಕಡಲ ನೀರನ್ನು ಸಿಹಿಯಾಗಿಸುವ ಸ್ಥಾವರ, ಅಲ್ಯೂಮಿನಿಯಂ ಕಾರ್ಖಾನೆ ಇರುವ ಈ ಊರಿನಲ್ಲಿ ನಾನಾ ದೇಶದವರು ಜೊತೆಯಾಗಿ ದುಡಿಯುತ್ತಾರೆ. ಎಷ್ಟು ವರ್ಷ ಕಳೆದರೂ ನಮ್ಮ ಇಕಾಮಾ ಕಾರ್ಡಿನಲ್ಲಿ ಬಿಟ್ಟುಬಂದ ದೇಶದ ಹೆಸರೇ ಇರುತ್ತದೆ.

ಈ ಪ್ರಶ್ನೆಯನ್ನು ನನ್ನಲ್ಲಿ ಮತ್ತೆ ಎಬ್ಬಿಸಿದ್ದು ಒಂದು ಕುಟುಂಬದ ಸಂಗೀತ. ನೈಜರ್ ದೇಶದ ಅಗಾದೆಜ್ ಪಟ್ಟಣದ 'ಎತ್ರಾನ್ ದ ಲಾಯಿರ್' 1995ರಲ್ಲಿ ಹುಟ್ಟಿದ ಮನೆಮಂದಿಯ ತಂಡ. ಮದುವೆಗಳಲ್ಲಿ ನೆರೆದವರನ್ನು ಕುಣಿಸುವುದು ಅವರ ಕಸುಬು. ಮೊದಲಿಗೆ ಇದ್ದದ್ದು ಒಂದೇ ಗಿಟಾರ್. ತಾಳಕ್ಕೆ ಸೋರೆಬುರುಡೆಯನ್ನು ಚಪ್ಪಲಿಯಿಂದ ಬಡಿಯುತ್ತಿದ್ದರು. ಈಗ ಎಲೆಕ್ಟ್ರಿಕ್ ಗಿಟಾರುಗಳು ಒಂದರೊಡನೊಂದು ಹೆಣೆದುಕೊಂಡು ಓಡುತ್ತವೆ. ಗಿಟಾರ್ ಆ ಮರುಭೂಮಿಯಲ್ಲಿ ಹುಟ್ಟಿದ್ದಲ್ಲ. ತುವಾರೆಗ್ ಜನ ಅದನ್ನು ಕೈಗೆತ್ತಿಕೊಂಡು ಕೆಲವೇ ದಶಕಗಳಾದವು. ಆದರೂ ಕೇಳುವವರಿಗೆ ಅದು ಸಹಾರಾದ್ದೇ ದನಿ.

ವಾದ್ಯಗಳ ವಿಷಯದಲ್ಲಿ ನಾವೂ ಧಾರಾಳಿಗಳೇ. ಪಿಟೀಲು ಕರ್ನಾಟಕ ಸಂಗೀತಕ್ಕೆ ಬಂದು ಸುಮಾರು 200 ವರ್ಷವಾಯಿತು. ಮೈಸೂರಿನ ಟಿ. ಚೌಡಯ್ಯನವರು ಅದಕ್ಕೆ 7 ತಂತಿ ಬಿಗಿದು ನುಡಿಸಿದರು. ಬೆಂಗಳೂರಿನಲ್ಲಿ ಅವರ ನೆನಪಿಗೆ ಕಟ್ಟಿದ ಸಭಾಂಗಣವೇ ಪಿಟೀಲಿನ ಆಕಾರದಲ್ಲಿದೆ. ಹಾರ್ಮೋನಿಯಂ ಇಲ್ಲದ ಕಂಪನಿ ನಾಟಕವನ್ನು ನೆನೆಯುವುದೂ ಕಷ್ಟ.

ಉತ್ತರ ಕನ್ನಡದ ಸಿದ್ದಿಗಳ ಮುಂದೆ ಮಾತ್ರ ನಮ್ಮ ಈ ಧಾರಾಳತನ ತಡವರಿಸುತ್ತದೆ. ಪೋರ್ಚುಗೀಸರು ಗೋವೆಗೆ ಗುಲಾಮರನ್ನಾಗಿ ತಂದ ಆಫ್ರಿಕನ್ನರ ಸಂತತಿಯೆಂದು ಅವರನ್ನು ಗುರುತಿಸುತ್ತಾರೆ. ಯಲ್ಲಾಪುರ, ಹಳಿಯಾಳ, ಅಂಕೋಲೆಯ ಕಾಡಂಚಿನಲ್ಲಿ ತಲೆಮಾರುಗಳಿಂದ ಬಾಳಿದ್ದಾರೆ. ಕೊಂಕಣಿ, ಕನ್ನಡ ಆಡುತ್ತಾರೆ. ನೆಂಟರಿಷ್ಟರು ಕೂಡಿದಾಗ ಡಮಾಮಿ ಬಾರಿಸಿ ಕುಣಿಯುತ್ತಾರೆ. ಅದೇ ಕುಣಿತ ವೇದಿಕೆಗೆ ಬಂದರೆ 'ಆಫ್ರಿಕಾದ ಕುಣಿತ' ಎಂದು ನಾವು ಚಪ್ಪಾಳೆ ತಟ್ಟುತ್ತೇವೆ. 1987ರಲ್ಲಿ ಸರ್ಕಾರ ಸಿದ್ದಿ ಮಕ್ಕಳನ್ನು ಕ್ರೀಡಾ ತರಬೇತಿಗೆ ಆರಿಸಿಕೊಂಡಾಗಲೂ ಲೆಕ್ಕಕ್ಕೆ ಬಂದದ್ದು ಅವರ ಆಫ್ರಿಕಾ ಮೂಲವೇ. ಕೆಲವು ವರ್ಷಗಳಲ್ಲಿ ಆ ಯೋಜನೆಯೂ ನಿಂತಿತು. ಪಿಟೀಲಿಗೆ ಸಿಕ್ಕ ಊರು ಈ ಜನರಿಗೆ ಇನ್ನೂ ಪೂರ್ತಿ ಸಿಕ್ಕಿಲ್ಲ.

ಹಾಗಾದರೆ ಅವರ ಮೂಲವನ್ನು ಮರೆತುಬಿಡಬೇಕೆ? ಅದೂ ಅನ್ಯಾಯವೇ. 2003ರಲ್ಲಿ ಅವರಿಗೆ ಪರಿಶಿಷ್ಟ ಪಂಗಡದ ಸ್ಥಾನ ದೊರೆತದ್ದು ಅವರು ಬೇರೆಯಾಗಿ ಬಾಳಿದ್ದನ್ನು, ಹಿಂದುಳಿದದ್ದನ್ನು ಒಪ್ಪಿಕೊಂಡದ್ದರಿಂದ. ಪಿಟೀಲಿಗೆ ನೆನಪಿಲ್ಲ, ನೋವಿಲ್ಲ. ಅದು ಬಂದ ದಾರಿಯನ್ನು ಮರೆತರೆ ಅದಕ್ಕೇನೂ ನಷ್ಟವಿಲ್ಲ. ಮನುಷ್ಯರ ಮಾತು ಹಾಗಲ್ಲ. ತಮ್ಮ ಮೂಲವನ್ನು ಯಾವಾಗ ಹೇಳಬೇಕು, ಎಷ್ಟು ಹೇಳಬೇಕು ಎಂಬುದು ಅವರಿಗೆ ಸೇರಿದ್ದು. ಅವರನ್ನು ಕೇಳದೆ ನಾವೇ ಅದನ್ನು ಅವರ ಹೆಸರಿಗೆ ಅಂಟಿಸುವುದು ಮೆಚ್ಚುಗೆಯಂತೆ ಕಂಡರೂ, ಹೊಸ್ತಿಲಾಚೆ ನಿಲ್ಲಿಸುವುದೇ.

ಪರದೇಶದ ಕನ್ನಡ ಕೂಟಗಳಲ್ಲಿ ಡೊಳ್ಳು, ಯಕ್ಷಗಾನದ ಮೂಲಕ ನಾವು ಯಾರೆಂದು ನಾವೇ ಸಾರುತ್ತೇವೆ. ಮರುದಿನ ಕೆಲಸಕ್ಕೆ ಹೋದಾಗ ಎಲ್ಲರಂತೆ ನಮ್ಮನ್ನೂ ಕಾಣಲಿ ಎಂದು ಬಯಸುತ್ತೇವೆ. ನಮಗೆ ಇವೆರಡೂ ಬೇಕು. ಸಿದ್ದಿಗಳಿಗೂ ಎರಡೂ ಸಲ್ಲಬೇಕು, ನಮಗಿಂತ ಮೊದಲೇ ಸಲ್ಲಬೇಕು. ನಾವು ಬೇಕೆಂದು ಬಂದವರು. ಬೇಡವೆನಿಸಿದರೆ ಹಿಂದಿರುಗಲು ನಮಗೊಂದು ಊರಿದೆ. ಅವರಿಗೆ ಯಲ್ಲಾಪುರವೇ ಆ ಊರು.