‘ಹೀಗೂ ಉಂಟೇ?’ ಎಂದು ಕೇಳಿದವರು ಉತ್ತರವನ್ನೂ ಹುಡುಕಲಿ



ಟಿವಿ9 ಕನ್ನಡ ವಾಹಿನಿಯ ‘ಹೀಗೂ ಉಂಟೇ’ ಕಾರ್ಯಕ್ರಮವನ್ನು ನಿಮ್ಮಲ್ಲಿ ಅನೇಕರು ನೋಡಿರಬಹುದು. ನಿಗೂಢ ಸಂಗತಿಗಳನ್ನು ತೋರಿಸಿ ಅದು ಮನೆಮಾತಾಯಿತು. ಅದರ ಹೆಸರೇ ಒಂದು ಪ್ರಶ್ನೆ. ಪ್ರಶ್ನೆ ಕೇಳಿದವರಿಗೆ ಉತ್ತರ ಹುಡುಕುವ ಹೊಣೆಯೂ ಇದೆ. ‘ಜನ ಹೀಗನ್ನುತ್ತಾರೆ’ ಎಂದು ಹೇಳಿ ಯಾವ ವಾಹಿನಿಯೂ ಕೈತೊಳೆದುಕೊಳ್ಳಲಾಗದು.

ಪರೀಕ್ಷಿಸಿದರೆ ದೇವನಿಂದೆಯಾಗುವುದೇ? ನಮ್ಮವರ ನಡುವೆಯೇ ನಡೆದ ಘಟನೆ ನೋಡಿ. 2012ರಲ್ಲಿ ಮುಂಬಯಿಯ ಇರ್ಲಾದ ವೇಲಾಂಕಣಿ ಮಾತೆಯ ದೇವಾಲಯದಲ್ಲಿ ಶಿಲುಬೆಯಿಂದ ನೀರು ತೊಟ್ಟಿಕ್ಕಿತು. ಭಕ್ತರು ಅದನ್ನು ಪವಿತ್ರವೆಂದು ಸಂಗ್ರಹಿಸಿದರು. ಟಿವಿ ವಾಹಿನಿಯೊಂದು ವಿಚಾರವಾದಿ ಸನಲ್ ಎಡಮರುಕು ಅವರನ್ನು ಕರೆಸಿ ಸ್ಥಳಪರೀಕ್ಷೆ ಮಾಡಿಸಿತು. ಹತ್ತಿರದ ಚರಂಡಿ ಕಟ್ಟಿಕೊಂಡಿದೆ, ಬತ್ತಿ ಎಣ್ಣೆ ಹೀರುವಂತೆ ಗೋಡೆ ಆ ನೀರನ್ನು ಮೇಲಕ್ಕೆ ಹೀರುತ್ತಿದೆ ಎಂದು ಅವರು ವಿವರಿಸಿದರು. ಕೆಲವು ಕಥೋಲಿಕರು ಪೊಲೀಸರಿಗೆ ದೂರಿತ್ತರು. ಎಡಮರುಕು ದೇಶ ಬಿಟ್ಟು ಫಿನ್ಲೆಂಡಿಗೆ ಹೋದರು. ಯೋಚಿಸಿರಿ: ಆ ನೀರನ್ನು ತಾಯಿಯೊಬ್ಬಳು ಕಾಯಿಲೆಯ ಕೂಸಿಗೆ ಕುಡಿಸಿದ್ದರೆ?

ಧರ್ಮಸಭೆಯ ರೀತಿ ದೂರು ಕೊಡುವುದಲ್ಲ, ತಾಳ್ಮೆಯಿಂದ ಪರೀಕ್ಷಿಸುವುದು. ಲೂರ್ದಿನಲ್ಲಿ 1883ರಿಂದ ವೈದ್ಯರ ಕಚೇರಿಯಿದೆ. ಗುಣವಾದೆವೆಂದು 7,000ಕ್ಕೂ ಹೆಚ್ಚು ಮಂದಿ ಹೇಳಿಕೆ ಕೊಟ್ಟಿದ್ದಾರೆ. 2018ರವರೆಗೆ ಪವಾಡವೆಂದು ಘೋಷಿತವಾದವು 70 ಮಾತ್ರ. ವಿಶ್ವಾಸಕ್ಕೆ ವಿಚಾರಣೆಯ ಭಯವಿಲ್ಲ. ಎಲ್ಲವನ್ನೂ ಪರಿಶೋಧಿಸಿ ಒಳ್ಳೆಯದನ್ನು ಉಳಿಸಿಕೊಳ್ಳಬೇಕೆಂದು ಸಂತ ಪೌಲರೂ ಥೆಸಲೋನಿಕದವರಿಗೆ ಬುದ್ಧಿ ಹೇಳಿದ್ದಾರೆ.

ಮೂಢನಂಬಿಕೆಗೆ ಉತ್ತೇಜನ ಕೊಡುವ ಕಾರ್ಯಕ್ರಮ ಕೂಡದೆಂದು 1994ರ ಕೇಬಲ್ ಟೆಲಿವಿಷನ್ ನಿಯಮಗಳು ಹೇಳುತ್ತವೆ. ನಮಗೆ ಅದಕ್ಕೂ ಹಳೆಯ ಕಟ್ಟಳೆ ಇದೆ: ಸುಳ್ಳುಸಾಕ್ಷಿ ಹೇಳಬಾರದು. ಗೊತ್ತಿಲ್ಲದ್ದನ್ನು ಗೊತ್ತಿದ್ದಂತೆ ಲಕ್ಷ ಮನೆಗಳಿಗೆ ಹೇಳುವುದೂ ಸುಳ್ಳುಸಾಕ್ಷಿಯೇ.

ರಾಯಬಾಗ ಸೀಮೆಯ ಅಲಖನೂರಿನಂಥ ಊರಲ್ಲಿ ‘ಟೀವ್ಯಾಗ ತೋರಿಸ್ಯಾರ’ ಅಂದರೆ ಮಾತು ಮುಗಿಯಿತು. ಭೂತದ ಕತೆಯೊಂದು ಬಂದರೆ ಓಣಿಯ ಒಂಟಿ ವಿಧವೆಯ ಮೇಲೆ ಸಂಶಯ ಹುಟ್ಟೀತು. ಜ್ವರದ ಮಗು ಆಸ್ಪತ್ರೆ ಬಿಟ್ಟು ಮಂತ್ರವಾದಿಯ ಮನೆ ಸೇರೀತು. ತಪ್ಪು ಸುದ್ದಿಯ ಬೆಲೆ ತೆರುವವರು ವಾಹಿನಿಯವರಲ್ಲ, ಬಡವರು.

ಆದ್ದರಿಂದ ಇಂದು ರಾತ್ರಿ ಟಿವಿ ಮುಂದೆ ಕುಳಿತಾಗ ಮಕ್ಕಳೊಂದಿಗೆ ಮೂರು ಪ್ರಶ್ನೆ ಕೇಳಿರಿ. ಕಣ್ಣಾರೆ ಕಂಡವರು ಯಾರು? ಬಲ್ಲವರನ್ನು ವಿಚಾರಿಸಿದರೇ? ಸುಳ್ಳೆಂದು ತಿಳಿದಾಗ ಅದನ್ನೂ ಅಷ್ಟೇ ದೊಡ್ಡದಾಗಿ ತೋರಿಸಿದರೇ? ಉತ್ತರವಿಲ್ಲದಿದ್ದರೆ ವಾಹಿನಿಗೆ ಒಂದು ಪತ್ರ ಬರೆಯಿರಿ. ಸತ್ಯವನ್ನು ಅರಸುವುದೂ ಪ್ರಾರ್ಥನೆಯೇ.