ವಾಹನದ ಬೆನ್ನಿನ ಬರಹ ಮತ್ತು ಅನುಮಾನದ ಮಿತಿ

ನಮ್ಮ ಭಾಷೆಯಲ್ಲಿ ‘ಅನುಮಾನ’ ಎಂಬ ಪದಕ್ಕೆ ಎರಡು ಅರ್ಥಗಳುಂಟು. ತರ್ಕಶಾಸ್ತ್ರದಲ್ಲಿ ಅದು ಪ್ರಮಾಣಗಳಲ್ಲೊಂದು. ಕಂಡ ಕುರುಹಿನಿಂದ ಕಾಣದ ವಸ್ತುವನ್ನು ಅರಿಯುವ ದಾರಿ. ನಿತ್ಯದ ಮಾತಿನಲ್ಲಿ ಅದು ಶಂಕೆ. ಎದುರಿಗಿರುವವನ ಮೇಲಿನ ಅವಿಶ್ವಾಸ. ಜ್ಞಾನದ ಸಾಧನಕ್ಕೂ ಅವಿಶ್ವಾಸಕ್ಕೂ ಒಂದೇ ಹೆಸರು ಬಂದುದು ಆಕಸ್ಮಿಕವಿರಲಾರದು. ಮೊದಲನೆಯದು ಎರಡನೆಯದಾಗಿ ಜಾರುವ ಜಾಗ ಬಹಳ ಕಿರಿದು. ಆ ಜಾಗವನ್ನು ಸ್ಪಷ್ಟವಾಗಿ ತೋರಿಸುವ ಒಂದು ಉದಾಹರಣೆ ಅಮೆರಿಕದ ರಸ್ತೆಗಳಲ್ಲಿ ದೊರೆಯುತ್ತದೆ. ನಮ್ಮ ಅನೇಕ ಮನೆಗಳ ಮಕ್ಕಳು ಇಂದು ಆ ರಸ್ತೆಗಳಲ್ಲಿಯೇ ವಾಹನ ನಡೆಸುತ್ತಿರುವುದರಿಂದ ಈ ವಿಷಯ ನಮಗೆ ತೀರ ದೂರದ್ದೂ ಅಲ್ಲ.

ಆ ದೇಶದಲ್ಲಿ ಕಾರಿನ ಹಿಂಬದಿಯ ಬಂಪರಿನ ಮೇಲೆ ಸ್ಟಿಕರ್ ಅಂಟಿಸುವ ರೂಢಿ ಬಹಳ ಹಳೆಯದು. ಮಗ ಓದುವ ಶಾಲೆಯ ಹೆಸರು, ಮೆಚ್ಚಿನ ಅಭ್ಯರ್ಥಿಯ ಹೆಸರು, ಧರ್ಮದ ಚಿಹ್ನೆ, ಹಾಸ್ಯದ ಒಂದು ಮಾತು ಹೀಗೆ ಎಲ್ಲವೂ ಅಲ್ಲಿರುತ್ತವೆ. ಬಂದೂಕು ಇಟ್ಟುಕೊಂಡವರಲ್ಲಿ ಕೆಲವರು ತಮ್ಮ ಗುರುತನ್ನೂ ಅಲ್ಲಿ ಸಾರುತ್ತಾರೆ. ಅದು 1871ರಲ್ಲಿ ಸ್ಥಾಪಿತವಾದ ನ್ಯಾಷನಲ್ ರೈಫಲ್ ಅಸೋಸಿಯೇಷನ್ನಿನ ಲಾಂಛನವಾಗಿರಬಹುದು, ಪಿಸ್ತೂಲು ತಯಾರಕರ ಮುದ್ರೆಯಾಗಿರಬಹುದು, ಅಥವಾ 1835ರಲ್ಲಿ ಟೆಕ್ಸಾಸಿನ ಗೊನ್ಜಾಲೆಸ್ ಎಂಬ ಊರಿನವರು ತಮ್ಮ ಫಿರಂಗಿಯನ್ನು ಒಪ್ಪಿಸಲು ನಿರಾಕರಿಸಿ ಬಾವುಟದ ಮೇಲೆ ಬರೆಸಿದ, ಬೇಕಿದ್ದರೆ ಬಂದು ಕಿತ್ತುಕೊಳ್ಳಿ ಎಂಬರ್ಥದ ಸವಾಲಾಗಿರಬಹುದು. ಹಿಂಬದಿಯ ದೀಪ ಕೆಟ್ಟಿದೆಯೆಂದು ಇಂತಹ ಕಾರನ್ನು ನಿಲ್ಲಿಸಿದ ಪೊಲೀಸನ ಕಣ್ಣಿಗೆ ಮೊದಲು ಬೀಳುವುದು ಈ ಬರಹವೇ. ಚಾಲಕನ ಮುಖ ಆಮೇಲಿನದು.

ಇಲ್ಲಿ ಎರಡು ಪ್ರಶ್ನೆಗಳೇಳುತ್ತವೆ. ಆ ಬರಹದಿಂದ ಪೊಲೀಸನು ಏನನ್ನು ಊಹಿಸಬಹುದು, ಊಹಿಸಿ ಏನನ್ನು ಮಾಡಬಹುದು? ಮತ್ತು ಆ ಬರಹವನ್ನು ಅಂಟಿಸಿದವನಿಗೆ, ಅದು ಇನ್ನೊಬ್ಬರ ಮನಸ್ಸಿನಲ್ಲಿ ಹುಟ್ಟಿಸುವ ಭಾವನೆಯ ಹೊಣೆ ಎಷ್ಟರಮಟ್ಟಿಗೆ ಸಲ್ಲುತ್ತದೆ?

ಮೊದಲು ಅಲ್ಲಿನ ಕಾನೂನನ್ನು ತಿಳಿಯಬೇಕು. ಕಾರಣವಿಲ್ಲದೆ, ಕೇವಲ ಪರವಾನಗಿ ನೋಡುವ ನೆಪದಿಂದ ಮನಬಂದ ವಾಹನವನ್ನು ನಿಲ್ಲಿಸಬಾರದೆಂದು ಅಮೆರಿಕದ ಸುಪ್ರೀಂ ಕೋರ್ಟ್ 1979ರಲ್ಲಿ ತೀರ್ಪಿತ್ತಿತು. ಆದರೆ 1996ರಲ್ಲಿ ಅದೇ ನ್ಯಾಯಾಲಯವು, ಸಂಚಾರ ನಿಯಮದ ಉಲ್ಲಂಘನೆ ನಿಜವಾಗಿ ಕಂಡಿದ್ದರೆ ಸಾಕು, ನಿಲ್ಲಿಸಿದ ಪೊಲೀಸನ ಅಂತರಂಗದ ಉದ್ದೇಶವನ್ನು ವಿಚಾರಿಸಬೇಕಾಗಿಲ್ಲ ಎಂದಿತು. ಈ ಎರಡು ಮಾತುಗಳ ನಡುವೆ ದೊಡ್ಡದೊಂದು ಬಾಗಿಲು ತೆರೆದಿದೆ. ರಸ್ತೆಯಲ್ಲಿ ಹತ್ತು ಮೈಲಿ ಹೋಗುವವನು ಯಾವುದಾದರೊಂದು ಸಣ್ಣ ನಿಯಮವನ್ನು ಮುರಿಯದಿರುವುದು ದುರ್ಲಭ. ಮುಂದಿನ ವಾಹನಕ್ಕೆ ತುಸು ಹತ್ತಿರವಾದದ್ದು, ತಿರುವಿನ ಸೂಚನೆಯನ್ನು ಕ್ಷಣಮಾತ್ರ ತಡವಾಗಿ ಕೊಟ್ಟದ್ದು ಇವೆಲ್ಲ ತಪ್ಪುಗಳೇ. ಹಾಗಿರುವಾಗ ಯಾರನ್ನು ನಿಲ್ಲಿಸಬೇಕು, ಯಾರನ್ನು ಹೋಗಗೊಡಬೇಕು ಎಂಬ ಆಯ್ಕೆ ಪೊಲೀಸನ ಕೈಯಲ್ಲಿಯೇ ಉಳಿಯುತ್ತದೆ. ಸ್ಟಿಕರಿನ ಪ್ರಭಾವ ನುಸುಳುವುದು ಯಾವ ದಾಖಲೆಯಲ್ಲಿಯೂ ಮೂಡದ ಈ ಆಯ್ಕೆಯಲ್ಲಿ.

ಇದು ಬರಿಯ ಊಹೆಯಲ್ಲ. 1966ರಲ್ಲಿ ಕ್ಯಾಲಿಫೋರ್ನಿಯದ ಓಕ್ಲೆಂಡ್ ನಗರದಲ್ಲಿ ಬ್ಲ್ಯಾಕ್ ಪ್ಯಾಂಥರ್ ಎಂಬ ಕರಿಯರ ಪಕ್ಷ ಹುಟ್ಟಿತು. ಅದರ ಸದಸ್ಯರು ಗುಂಡು ತುಂಬಿದ ಬಂದೂಕುಗಳನ್ನು ಬಹಿರಂಗವಾಗಿ ಹಿಡಿದು ಪೊಲೀಸರ ಗಸ್ತನ್ನೇ ಹಿಂಬಾಲಿಸುತ್ತಿದ್ದರು. ಆಗ ಅಲ್ಲಿ ಅದು ಕಾನೂನುಬದ್ಧವಾಗಿತ್ತು. 1967ರ ಮೇ ತಿಂಗಳಿನಲ್ಲಿ ಅವರು ಆಯುಧಸಹಿತ ರಾಜ್ಯದ ಶಾಸನಸಭಾ ಭವನವನ್ನು ಪ್ರವೇಶಿಸಿದರು. ಅದೇ ವರ್ಷ ಗವರ್ನರ್ ರೊನಾಲ್ಡ್ ರೇಗನ್ ಅವರ ಸಹಿಯೊಂದಿಗೆ ಆ ಸ್ವಾತಂತ್ರ್ಯ ಕೊನೆಗೊಂಡಿತು. ಇದಾದ ಎರಡು ವರ್ಷಗಳಿಗೆ, ಲಾಸ್ ಏಂಜಲೀಸಿನ ಕಾಲೇಜೊಂದರ ಅಧ್ಯಾಪಕಿ ಹ್ಯೂಸೆನ್‌ಸ್ಟಮ್ ಅವರು ಒಂದು ಪ್ರಯೋಗ ನಡೆಸಿದರು. ಹಿಂದಿನ ಹನ್ನೆರಡು ತಿಂಗಳಲ್ಲಿ ಸಂಚಾರ ನಿಯಮ ಮುರಿದ ಒಂದೂ ದಾಖಲೆಯಿಲ್ಲದ 15 ವಿದ್ಯಾರ್ಥಿಗಳನ್ನು ಆರಿಸಿದರು. ಅವರಲ್ಲಿ ಕರಿಯರು, ಬಿಳಿಯರು, ಮೆಕ್ಸಿಕೋ ಮೂಲದವರು ಸಮಸಂಖ್ಯೆಯಲ್ಲಿದ್ದರು. ಅವರ ವಾಹನಗಳಲ್ಲಿ ದೋಷವಿಲ್ಲವೆಂದು ಪರೀಕ್ಷಿಸಿ, ಹಿಂಬದಿಗೆ ಪ್ಯಾಂಥರ್ ಪಕ್ಷದ ಸ್ಟಿಕರ್ ಅಂಟಿಸಲಾಯಿತು. ದಂಡ ಕಟ್ಟಲೆಂದು 500 ಡಾಲರುಗಳ ನಿಧಿಯನ್ನಿಡಲಾಯಿತು. ಮೊದಲ ಚೀಟಿ ಎರಡು ಗಂಟೆಯೊಳಗೆ ಬಂತು. 17 ದಿನಗಳಲ್ಲಿ 33 ದಂಡದ ಚೀಟಿಗಳು ಬಂದು ನಿಧಿ ಬರಿದಾಯಿತು. ಪ್ರಯೋಗ ಅಲ್ಲಿಗೆ ನಿಂತಿತು. 1971ರಲ್ಲಿ ಇದರ ವರದಿ ಪ್ರಕಟವಾಯಿತು. ಆರೋಪಿಸಿದ ತಪ್ಪುಗಳನ್ನು ಗಮನಿಸಬೇಕು: ಸರಿಯಾಗಿ ಪಥ ಬದಲಿಸಲಿಲ್ಲ, ಮುಂದಿನ ವಾಹನಕ್ಕೆ ಹತ್ತಿರವಾದ, ವೇಗದ ಪಥದಲ್ಲಿ ನಿಧಾನವಾಗಿ ಹೋದ. ಎಲ್ಲವೂ ನೋಡುವವನ ಕಣ್ಣಿನಲ್ಲಿ ತೀರ್ಮಾನವಾಗುವಂತಹವು.

ಈ ಪ್ರಯೋಗಕ್ಕೂ ಮಿತಿಗಳಿವೆ ಎಂಬುದನ್ನು ನ್ಯಾಯವಾಗಿ ಹೇಳಬೇಕು. ಸ್ಟಿಕರಿಲ್ಲದ ಇನ್ನೊಂದು ಗುಂಪನ್ನು ಜೊತೆಗಿಟ್ಟು ತೂಗಲಿಲ್ಲ; ತಮ್ಮ ಬೆನ್ನ ಹಿಂದೆ ಏನಿದೆಯೆಂದು ಬಲ್ಲ ವಿದ್ಯಾರ್ಥಿಗಳ ಕೈ ಚಕ್ರದ ಮೇಲೆ ತುಸು ನಡುಗಿರಲೂಬಹುದು. ಇದಲ್ಲದೆ, ಕೊಲರಾಡೊ ರಾಜ್ಯ ವಿಶ್ವವಿದ್ಯಾನಿಲಯದ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ವಾಹನಕ್ಕೆ ಹೆಚ್ಚು ಗುರುತುಗಳನ್ನು ಅಂಟಿಸಿದವರು ರಸ್ತೆಯಲ್ಲಿ ಹೆಚ್ಚು ಆಕ್ರಮಣಶೀಲರಾಗಿ ನಡೆಯುವ ಪ್ರವೃತ್ತಿಯುಳ್ಳವರೆಂದು ಕಂಡಿತು. ಸ್ವಾರಸ್ಯವೆಂದರೆ ಬರಹದ ಅರ್ಥಕ್ಕೂ ಈ ಪ್ರವೃತ್ತಿಗೂ ಸಂಬಂಧ ಕಾಣಲಿಲ್ಲ. ಶಾಂತಿಯನ್ನು ಸಾರುವ ಸ್ಟಿಕರೂ ಸವಾಲೆಸೆಯುವ ಸ್ಟಿಕರೂ ಅಲ್ಲಿ ಸಮಾನವಾದವು. ಆದುದರಿಂದ ಬರಹವನ್ನು ಓದಿ ಮನುಷ್ಯನನ್ನು ಅರಿತೆನೆನ್ನುವ ಪೊಲೀಸನು ತಪ್ಪಾದ ಪುಟವನ್ನು ಓದುತ್ತಿದ್ದಾನೆ.

ಈ ಸಂದರ್ಭದಲ್ಲಿ ನಮ್ಮ ತಾರ್ಕಿಕರ ಮಾತು ನೆನಪಾಗುತ್ತದೆ. ಅಕಲಂಕದೇವರೇ ಮೊದಲಾದ ಜೈನ ತಾರ್ಕಿಕರು ಹೇತುವಿಗೆ ಒಂದೇ ಲಕ್ಷಣವನ್ನು ಒಪ್ಪಿದರು: ಅನ್ಯಥಾನುಪಪತ್ತಿ. ಸಾಧಿಸಬೇಕಾದ ವಸ್ತುವಿಲ್ಲದಿದ್ದರೆ ಆ ಕುರುಹು ಇರಲು ಸಾಧ್ಯವೇ ಇಲ್ಲವೆಂದಾಗ ಮಾತ್ರ ಅದು ಸದ್ಧೇತು. ಬೆಂಕಿಯಿಲ್ಲದೆ ಹೊಗೆಯಿಲ್ಲ, ಆದ್ದರಿಂದ ಹೊಗೆ ಬೆಂಕಿಗೆ ಹೇತು. ಆದರೆ ಬಂದೂಕಿನ ಸ್ಟಿಕರ್ ಬಂದೂಕಿಲ್ಲದೆಯೂ ಇರುತ್ತದೆ. ಕಾರನ್ನು ಹಳೆಯ ಮಾಲೀಕನಿಂದ ಕೊಂಡಿರಬಹುದು. ಮಗ ಅಂಟಿಸಿದ್ದನ್ನು ತಾಯಿ ಓಡಿಸುತ್ತಿರಬಹುದು. ಬಂದೂಕು ಮನೆಯ ಕಪಾಟಿನಲ್ಲಿರಬಹುದು. ಹಾಗೆಯೇ, ಕೇಡು ಬಗೆದು ಆಯುಧ ಒಯ್ಯುವವನು ಅದನ್ನು ಬೆನ್ನ ಮೇಲೆ ಬರೆದುಕೊಂಡು ತಿರುಗುವುದು ಅಪರೂಪ. ಆದ್ದರಿಂದ ಈ ಕುರುಹು ಬಂದೂಕಿಗೇ ಹೇತುವಾಗದು. ದುರುದ್ದೇಶಕ್ಕಂತೂ ಎಂದಿಗೂ ಆಗದು. ತರ್ಕಶಾಸ್ತ್ರದ ಭಾಷೆಯಲ್ಲಿ ಇದು ಹೇತ್ವಾಭಾಸ.

ಆದರೆ ಬಾಳೆಲ್ಲ ಸದ್ಧೇತುವಿನಿಂದಲೇ ನಡೆಯುವುದಿಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ನಾನು ಹಲವು ದಶಕ ಗಲ್ಲೆಯ ಮೇಲೆ ಕುಳಿತವನು. ಹೊಸ ಗಿರಾಕಿ ಉದ್ರಿ ಕೇಳಿದಾಗ ಅವನ ಮಾತಿನ ಧಾಟಿ, ಜೊತೆಗೆ ಬಂದವರು, ಚೌಕಾಸಿ ಮಾಡುವ ಬಗೆ ಇವುಗಳನ್ನು ನೋಡಿಯೇ ಖಾತೆ ತೆರೆಯಬೇಕೋ ಬೇಡವೋ ಎಂದು ನಿಶ್ಚಯಿಸಿದ್ದೇನೆ. ಬೆಲೆಯನ್ನು ಚೌಕಾಸಿಯೇ ಮಾಡದೆ ಉದ್ರಿ ಒಯ್ಯುವವನ ಬಗ್ಗೆ ಎಚ್ಚರದಿಂದಿರಬೇಕೆಂದು ನನ್ನ ತಂದೆಯವರು ಹೇಳುತ್ತಿದ್ದರು; ಕೊಡುವ ಮನಸ್ಸಿಲ್ಲದವನಿಗೆ ಬೆಲೆಯ ಚಿಂತೆಯಿರದು ಎಂಬುದು ಅವರ ತರ್ಕ. ಆ ಸೂತ್ರ ಬಹಳ ಸಲ ನಿಜವಾಯಿತು; ಕೆಲವು ಸಲ ನಾಚಿಕೆಪಡುವಂತೆ ಸುಳ್ಳೂ ಆಯಿತು. ಆದರೆ ನನ್ನ ತಪ್ಪಿನಿಂದ ಆ ಗಿರಾಕಿಗೆ ಆದ ನಷ್ಟವೇನು? ಪಕ್ಕದ ಅಂಗಡಿಗೆ ಹತ್ತು ಹೆಜ್ಜೆ ನಡೆಯುವುದು. ಪೊಲೀಸನ ತಪ್ಪಿನಿಂದ ಆಗುವ ನಷ್ಟ ಅಷ್ಟಕ್ಕೆ ನಿಲ್ಲುವುದಿಲ್ಲ. ಊಹೆ ತಪ್ಪಾದರೆ ಎದುರಿನವನು ತೆರಬೇಕಾದ ಬೆಲೆ ಹೆಚ್ಚಾದಷ್ಟೂ ಕುರುಹನ್ನು ತೂಗುವ ತಕ್ಕಡಿ ಸೂಕ್ಷ್ಮವಾಗಿರಬೇಕು. ಬೇಳೆ ತೂಗುವ ತಕ್ಕಡಿಯಲ್ಲಿ ಚಿನ್ನ ತೂಗುವುದನ್ನು ಯಾವ ವ್ಯಾಪಾರಿಯೂ ಒಪ್ಪುವುದಿಲ್ಲ.

ಪೊಲೀಸನ ಭಯವನ್ನು ಹಗುರಾಗಿ ಕಾಣಬಾರದು. ಕತ್ತಲಲ್ಲಿ, ಒಂಟಿಯಾಗಿ, ಅಪರಿಚಿತನ ವಾಹನದ ಕಿಟಕಿಯ ಬಳಿ ನಿಲ್ಲುವವನು ಅವನು. ಅದಕ್ಕಾಗಿಯೇ ಅಲ್ಲಿನ ಸುಪ್ರೀಂ ಕೋರ್ಟ್, ನಿಲ್ಲಿಸಿದ ವಾಹನದಿಂದ ಚಾಲಕನನ್ನು ಕೆಳಗಿಳಿಯಲು ಹೇಳುವ ಅಧಿಕಾರವನ್ನು 1977ರಲ್ಲಿಯೂ, ಅವನು ಅಪಾಯಕಾರಿಯೆಂಬುದಕ್ಕೆ ಸಕಾರಣವಾದ ಶಂಕೆಯಿದ್ದರೆ ಕೈಗೆಟಕುವ ಜಾಗದಲ್ಲಿ ಆಯುಧಕ್ಕಾಗಿ ಹುಡುಕುವ ಅಧಿಕಾರವನ್ನು 1983ರಲ್ಲಿಯೂ ಕೊಟ್ಟಿತು. ಆದರೆ ಆಯುಧವುಳ್ಳವನೆಲ್ಲ ಅಪಾಯಕಾರಿಯೇ? ಇದಕ್ಕೆ ಕೆಳಗಿನ ನ್ಯಾಯಾಲಯಗಳ ಉತ್ತರ ಒಂದೇ ಆಗಿಲ್ಲ. ಒಹಾಯೊ ರಾಜ್ಯದ ಟೊಲೆಡೊ ನಗರದ ಪ್ರಕರಣವೊಂದರಲ್ಲಿ, ಕಾನೂನು ಒಪ್ಪಿದಂತೆ ಬಹಿರಂಗವಾಗಿ ಪಿಸ್ತೂಲು ಧರಿಸಿದ್ದ ಮಾತ್ರಕ್ಕೆ ಒಬ್ಬನನ್ನು ತಡೆದು ಬಂಧಿಸಿದ್ದು ಸಲ್ಲದೆಂದು ಒಂದು ಮೇಲ್ಮನವಿ ನ್ಯಾಯಾಲಯವು 2015ರಲ್ಲಿ ಹೇಳಿತು. ಪಶ್ಚಿಮ ವರ್ಜೀನಿಯದ ಪ್ರಕರಣವೊಂದರಲ್ಲಿ ಇನ್ನೊಂದು ಮೇಲ್ಮನವಿ ನ್ಯಾಯಾಲಯವು, ಸಕ್ರಮವಾಗಿ ತಡೆಯಲ್ಪಟ್ಟವನ ಬಳಿ ಆಯುಧವಿದೆಯೆಂದು ನಂಬಲು ಆಧಾರವಿದ್ದರೆ, ಅವನು ಪರವಾನಗಿಯುಳ್ಳವನೇ ಆಗಿದ್ದರೂ ಮೈ ತಡವಿ ನೋಡಬಹುದೆಂದು 2017ರಲ್ಲಿ ಹೇಳಿತು.

ನನಗೆ ತೋರುವ ಮಟ್ಟಿಗೆ ಎಚ್ಚರಕ್ಕೂ ದಂಡಕ್ಕೂ ನಡುವೆ ಗೆರೆ ಎಳೆಯಬೇಕು. ಬರಹವನ್ನು ಕಂಡ ಪೊಲೀಸನು ಒಂದು ಹೆಜ್ಜೆ ಹಿಂದೆ ನಿಂತು, ಕೈಗಳನ್ನು ಚಕ್ರದ ಮೇಲಿರಿಸುವಂತೆ ವಿನಯದಿಂದ ಹೇಳಿ, ಆಯುಧವಿದೆಯೇ ಎಂದು ಕೇಳಿದರೆ ಅದು ಎಚ್ಚರ. ಅದರಿಂದ ಯಾರಿಗೂ ಅವಮಾನವಿಲ್ಲ. ಅದೇ ಬರಹದಿಂದಾಗಿ ಆ ವಾಹನವನ್ನೇ ಆರಿಸಿ ನಿಲ್ಲಿಸಿದರೆ, ಇನ್ನೊಬ್ಬನಿಗೆ ಬಾಯಿಮಾತಿನ ಎಚ್ಚರಿಕೆ ಕೊಟ್ಟ ತಪ್ಪಿಗೆ ಇವನಿಗೆ ಚೀಟಿ ಹರಿದರೆ, ಅದು ಅಭಿಪ್ರಾಯಕ್ಕೆ ವಿಧಿಸಿದ ದಂಡ. ಇದರ ಇನ್ನೊಂದು ಮಗ್ಗುಲೂ ಇಷ್ಟೇ ದೋಷಯುಕ್ತ. ನ್ಯೂಯಾರ್ಕಿನಲ್ಲಿ ಪೊಲೀಸ್ ಸಂಘಗಳು ತಮ್ಮ ಸದಸ್ಯರ ಬಂಧುಮಿತ್ರರಿಗಾಗಿ ಸೌಜನ್ಯದ ಕಾರ್ಡುಗಳನ್ನು ಮುದ್ರಿಸಿಕೊಟ್ಟ ರೂಢಿಯುಂಟು. ಅದನ್ನು ತೋರಿಸಿದರೆ ದಂಡದಿಂದ ಪಾರಾಗಬಹುದೆಂಬುದು ಅದರ ಪ್ರಯೋಜನ. ಬಂದೂಕುಪ್ರಿಯನಾದ ಪೊಲೀಸನು ಬಂದೂಕಿನ ಸ್ಟಿಕರ್ ಕಂಡು ನಕ್ಕು ಬಿಟ್ಟುಬಿಟ್ಟರೂ ಅನ್ಯಾಯವೇ. ಅವನು ತೋರಿದ ಕೃಪೆಯ ಲೆಕ್ಕವು ಸ್ಟಿಕರಿಲ್ಲದವನ ಖಾತೆಯಲ್ಲಿ ಖರ್ಚು ಬೀಳುತ್ತದೆ.

ಇನ್ನು ಬರಹ ಅಂಟಿಸಿದವನ ಹೊಣೆ. ನುಡಿಯುವ ಹಕ್ಕನ್ನು ಅಲ್ಲಿನ ಸಂವಿಧಾನ ಕಾಪಾಡುತ್ತದೆ. ಸುಮ್ಮನಿರುವ ಹಕ್ಕನ್ನೂ ಕಾಪಾಡುತ್ತದೆ. ನ್ಯೂ ಹ್ಯಾಂಪ್‌ಷೈರ್ ರಾಜ್ಯವು ತನ್ನ ನಂಬರ್ ಫಲಕದಲ್ಲಿ ಅಚ್ಚೊತ್ತಿದ ಘೋಷವಾಕ್ಯವನ್ನು ಒಪ್ಪದ ನಾಗರಿಕನು ಅದನ್ನು ಮರೆಮಾಡಬಹುದೆಂದು 1977ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೆ ಹಕ್ಕು ಎಲ್ಲಿ ಮುಗಿಯುತ್ತದೆಯೋ ಅಲ್ಲಿ ವಿವೇಕ ಆರಂಭವಾಗುತ್ತದೆ. ಮಾತನ್ನು ನಾವು ಕೇಳುವವನ ಮುಖ ನೋಡಿ ಆಡುತ್ತೇವೆ, ಸ್ಟಿಕರಿಗೆ ಕಣ್ಣಿಲ್ಲ. ಅದು ಮಿತ್ರನಿಗೂ, ಶಾಲೆಯ ಮಗುವಿಗೂ, ಹೆದರಿದ ಪೊಲೀಸನಿಗೂ, ನಿಲ್ಲಿಸಿದ ಕಾರಿನ ಗಾಜು ಒಡೆದು ಪಿಸ್ತೂಲು ಕದಿಯಬಯಸುವ ಕಳ್ಳನಿಗೂ ಒಂದೇ ದನಿಯಲ್ಲಿ ನುಡಿಯುತ್ತದೆ. ಬಂದೂಕಿನ ತರಬೇತುದಾರರೇ ಇಂತಹ ಸ್ಟಿಕರ್ ಬೇಡವೆಂದು ಶಿಷ್ಯರಿಗೆ ಹೇಳುವುದುಂಟು. ಭಾಷಾಸಮಿತಿಯೆಂದು ನಾವು ಕರೆಯುವ ಎಚ್ಚರ ನಾಲಗೆಗಷ್ಟೇ ಸಂಬಂಧಿಸಿದ್ದೆಂದು ತಿಳಿಯಬೇಕಾಗಿಲ್ಲ.

ಹಾಗೆಂದು ಎಲ್ಲ ಹೊಣೆಯನ್ನೂ ಆಯುಧ ಇಟ್ಟುಕೊಂಡವನ ಮೇಲೆ ಹೊರಿಸುವಂತಿಲ್ಲ. 2016ರ ಜುಲೈ 6ರಂದು ಮಿನ್ನೆಸೋಟ ರಾಜ್ಯದ ಫಾಲ್ಕನ್ ಹೈಟ್ಸ್ ಎಂಬಲ್ಲಿ ಫಿಲಾಂಡೊ ಕ್ಯಾಸ್ಟೀಲ್ ಎಂಬ 32 ವರ್ಷದ ಕರಿಯ ಗೃಹಸ್ಥನ ಕಾರನ್ನು ಪೊಲೀಸನೊಬ್ಬ ನಿಲ್ಲಿಸಿದನು. ಕ್ಯಾಸ್ಟೀಲ್ ಶಾಲೆಯೊಂದರ ಊಟದ ಮನೆಯ ಮೇಲ್ವಿಚಾರಕ. ಪಿಸ್ತೂಲಿಗೆ ಪರವಾನಗಿ ಪಡೆದಿದ್ದವನು. ಆಯುಧದ ವಿಷಯ ತಿಳಿಸುವ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಮಿಷಿಗನ್ನಿನಲ್ಲಿ ಪಿಸ್ತೂಲು ಒಯ್ಯುವ ಪರವಾನಗಿದಾರನು ತಡೆದ ಕೂಡಲೇ ತಾನಾಗಿ ತಿಳಿಸಬೇಕು. ಒಹಾಯೊದಲ್ಲಿ ಹಾಗೆಯೇ ಇದ್ದದ್ದು 2022ರಲ್ಲಿ ‘ಕೇಳಿದರೆ ಹೇಳಬೇಕು’ ಎಂದು ಬದಲಾಯಿತು. ಮಿನ್ನೆಸೋಟದ ಕಾನೂನಿನಲ್ಲಿಯೂ ಕೇಳಿದರೆ ಹೇಳಿದರೆ ಸಾಕು. ಕ್ಯಾಸ್ಟೀಲ್ ಕೇಳುವ ಮೊದಲೇ, ಮರ್ಯಾದೆಯಿಂದ, ತನ್ನ ಬಳಿ ಆಯುಧವಿದೆಯೆಂದು ತಿಳಿಸಿದನು. ಅದನ್ನು ತೆಗೆಯಬೇಡವೆಂದು ಪೊಲೀಸನು ಕೂಗಿದನು; ತೆಗೆಯುತ್ತಿಲ್ಲವೆಂದು ಇವನು ಹೇಳಿದನು. ಕೆಲವೇ ಕ್ಷಣಗಳಲ್ಲಿ ಏಳು ಗುಂಡುಗಳು ಹಾರಿದವು. ಕಾರಿನಲ್ಲಿ ಅವನ ಸಂಗಾತಿಯೂ ಆಕೆಯ ನಾಲ್ಕು ವರ್ಷದ ಮಗಳೂ ಇದ್ದರು. ಮರುವರ್ಷ ಜೂನ್‌ನಲ್ಲಿ ತೀರ್ಪುಗಾರರು ಆ ಪೊಲೀಸನನ್ನು ನಿರ್ದೋಷಿಯೆಂದರು. ಕ್ಯಾಸ್ಟೀಲನ ಮರಣದ ಮರುದಿನವೇ ಡಲ್ಲಾಸ್ ನಗರದಲ್ಲಿ ಬಂದೂಕುಧಾರಿಯೊಬ್ಬನು ಐವರು ಪೊಲೀಸರನ್ನು ಕೊಂದನು.

ಈ ಎರಡು ದಿನಗಳನ್ನು ಒಟ್ಟಿಗೆ ಇಟ್ಟು ನೋಡಿದವರಿಗೆ ಸುಲಭದ ಉತ್ತರ ಸಿಗುವುದಿಲ್ಲ. ಅಲ್ಲಿ ಕೆಲಸ ಮಾಡಿದ್ದು ಸ್ಟಿಕರಲ್ಲ, ಬಾಯಿಂದ ಬಂದ ಸತ್ಯ. ಸತ್ಯವನ್ನು ಹೇಳಿದವನು ಅಭಯ ಪಡೆಯಬೇಕೆಂಬುದು ಸಮಾಜದ ಮೂಲ ಒಪ್ಪಂದ. ಹೇಳಿದವನೇ ಸತ್ತರೆ, ಮುಂದಿನವನು ಸುಮ್ಮನಿರುವುದನ್ನು ಕಲಿಯುತ್ತಾನೆ. ಅವನು ಸುಮ್ಮನಿದ್ದುದು ತಿಳಿದರೆ ಪೊಲೀಸನ ಭಯ ಇಮ್ಮಡಿಸುತ್ತದೆ. ಭಯವು ಹೀಗೆ ಚಕ್ರಬಡ್ಡಿಯಂತೆ ಬೆಳೆಯುತ್ತದೆ. ಅಸಲು ತೀರಿದರೂ ಬಡ್ಡಿ ತೀರುವುದಿಲ್ಲ.

ಈ ಸಾಲವನ್ನು ತೀರಿಸುವ ಮೊದಲ ಕಂತು ಬಲವುಳ್ಳವನ ಕೈಯಿಂದ ಬರಬೇಕು. ರಸ್ತೆಯ ಬದಿಯಲ್ಲಿ ನಿಂತ ಇಬ್ಬರಲ್ಲಿ ರಾಜ್ಯದ ಅಧಿಕಾರವಿರುವುದು ಒಬ್ಬನಿಗೆ ಮಾತ್ರ. ಕಂಡ ಕುರುಹನ್ನು ಶಂಕೆಯಾಗಗೊಡದೆ ಪ್ರಶ್ನೆಯಾಗಿಸಿ ಕೇಳುವ ಕರ್ತವ್ಯ ಮೊದಲು ಅವನದು. ಎರಡನೆಯ ಕಂತು ಬರಹ ಅಂಟಿಸುವವನದು: ಇದನ್ನು ಓದುವವರೆಲ್ಲರ ಎದುರು ನಿಂತು ಇದೇ ಮಾತನ್ನು ಇದೇ ದನಿಯಲ್ಲಿ ಆಡಬಲ್ಲೆನೇ ಎಂದು ಅವನು ಅಂಟಿಸುವ ಮುನ್ನ ತನ್ನನ್ನೇ ಕೇಳಿಕೊಳ್ಳಬೇಕು. ದೂರದ ದೇಶದಲ್ಲಿರುವ ನಮ್ಮ ಮಕ್ಕಳಿಗೆ ಪತ್ರ ಬರೆಯುವಾಗ ಈ ಎರಡನೆಯ ಮಾತನ್ನು ಸೇರಿಸಬಹುದು. ಮೊದಲನೆಯ ಮಾತನ್ನು ನಾವು ಇಲ್ಲಿಯೇ, ನಮ್ಮ ನಮ್ಮ ಗಲ್ಲೆಯ ಮೇಲೆ ಕುಳಿತು, ಬಾಗಿಲಲ್ಲಿ ನಿಂತ ಅಪರಿಚಿತನ ಮುಖ ನೋಡುವಾಗ ಅಭ್ಯಾಸ ಮಾಡಬಹುದು.