ಮೆರುಗು ಮರಳದ ಕಾರನ್ನು ಉಜ್ಜುವುದೇಕೆ?



ಶನಿವಾರ ಸಂಜೆ ಒಂದು ಬಕೆಟ್ ನೀರು, ಎರಡು ಹಳೆಯ ಬನಿಯನ್ ಬಟ್ಟೆ, ಒಂದು ಡಬ್ಬಿ ಮೇಣದ ಪಾಲಿಶ್ ಹಿಡಿದು ನಾನು ನಮ್ಮ ಕಾರಿನ ಎದುರು ನಿಲ್ಲುತ್ತೇನೆ. ಅದು 2004ರ ಬಿಳಿಯ ಮಾರುತಿ 800. ಅಂಥ ಕಾರುಗಳ ತಯಾರಿಕೆಯೇ 2014ರ ಜನವರಿಯಲ್ಲಿ ನಿಂತುಹೋಯಿತು. ಹದಿನೈದು ವರ್ಷಗಳ ನೋಂದಣಿ 2019ರಲ್ಲಿ ಮುಗಿದು, ಐದೈದು ವರ್ಷಗಳಂತೆ ಎರಡು ಬಾರಿ ನವೀಕರಣಗೊಂಡು ನಮ್ಮ ಕಾರು ಇನ್ನೂ ಓಡುತ್ತಿದೆ. ಕೂಡ್ಲಿಗಿಯಿಂದ ಕೊಟ್ಟೂರಿಗೆ, ಅಲ್ಲಿಂದ ಹರಪನಹಳ್ಳಿಗೆ, ಮತ್ತೊಂದು ದಿನ ಹಗರಿಬೊಮ್ಮನಹಳ್ಳಿ, ಹಡಗಲಿಗಳಿಗೆ ಹೋಗಿಬರಲು ಅದರ ಎಂಜಿನ್‌ಗೆ ಇಂದಿಗೂ ಬೇಸರವಿಲ್ಲ. ಬೇಸರ ಬಂದದ್ದು ನನಗೆ. ಕಳೆದ ವರ್ಷ ಒಂದು ಸಂಜೆ ಅರ್ಧ ಬಾನೆಟ್ ಉಜ್ಜಿದವನು ಬಟ್ಟೆಯನ್ನು ಬಕೆಟ್ಟಿಗೆ ಎಸೆದು ಒಳಗೆ ಹೋಗಿಬಿಟ್ಟೆ. ಎಷ್ಟು ಉಜ್ಜಿದರೂ ಹೊಳೆಯದ ಈ ತಗಡಿಗೆ ನನ್ನ ಸಂಜೆಗಳನ್ನು ಏಕೆ ಕೊಡಬೇಕು? ಈ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ಕಾರಿಲ್ಲದ ಓದುಗರು ಪುಟ ತಿರುಗಿಸಬೇಕಾಗಿಲ್ಲ. ಸೋರುವ ಮನೆಯನ್ನು ಪ್ರತಿ ಮಳೆಗಾಲಕ್ಕೂ ಮುನ್ನ ದುರಸ್ತಿ ಮಾಡಿದವರಿಗೆ, ಹಾಸಿಗೆ ಹಿಡಿದ ಹಿರಿಯರ ಉಗುರು ಕತ್ತರಿಸಿದವರಿಗೆ ಈ ಪ್ರಶ್ನೆ ಹೊಸದಲ್ಲ.

ಮೊದಲು ಬಣ್ಣದ ಸಂಗತಿ ತಿಳಿಯೋಣ. ಇಂದಿನ ಕಾರುಗಳಲ್ಲಿ ಬಣ್ಣದ ಮೇಲೆ ಗಾಜಿನಂಥ ಒಂದು ಪಾರದರ್ಶಕ ಲೇಪವಿರುತ್ತದೆ. ನಮ್ಮದರಂಥ ಹಳೆಯ ಬಿಳಿಯ ಕಾರುಗಳಲ್ಲಿ ಬಣ್ಣವೇ ಹೊರಪದರ. ಬಿಸಿಲು ಮತ್ತು ಗಾಳಿಯ ಆಮ್ಲಜನಕ ಸೇರಿ ಆ ಬಣ್ಣವನ್ನು ಹಿಡಿದಿಟ್ಟ ರಾಳವನ್ನು ಶಿಥಿಲಗೊಳಿಸುತ್ತವೆ. ಆಗ ಬೆರಳಿಟ್ಟರೆ ಸೀಮೆಸುಣ್ಣದಂಥ ಪುಡಿ ಅಂಟುತ್ತದೆ. ರಬ್ಬಿಂಗ್ ಕಾಂಪೌಂಡ್ ಹಾಕಿ ತಿಕ್ಕಿದರೆ ಆ ಸತ್ತ ಪದರ ಹೋಗಿ ಕೆಳಗಿನ ಜೀವಂತ ಬಣ್ಣ ಕಾಣುತ್ತದೆ, ಕಾರು ಹೊಸದರಂತೆ ಹೊಳೆಯುತ್ತದೆ. ಆದರೆ ಲೋಹದ ಮೇಲಿನ ಎಲ್ಲ ಪದರಗಳೂ ಸೇರಿ ಮಿಲಿಮೀಟರಿನ ಹತ್ತನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು, ಅಷ್ಟೆ. ಪ್ರತಿ ಬಾರಿ ತಿಕ್ಕಿದಾಗಲೂ ಅದರಲ್ಲಿ ಒಂದಿಷ್ಟು ಶಾಶ್ವತವಾಗಿ ವ್ಯಯವಾಗುತ್ತದೆ.

ಇದನ್ನು ನನಗೆ ತಿಳಿಸಿದವರು ಕೊಟ್ಟೂರಿನ ಒಬ್ಬ ಹಿರಿಯ ಪೇಂಟರ್. ಬಾನೆಟ್ಟಿನ ಅಂಚಿನಲ್ಲಿ ಬೂದುಬಣ್ಣದ ಪ್ರೈಮರ್ ಇಣುಕುತ್ತಿದ್ದುದನ್ನು ಹೆಬ್ಬೆರಳಿನಿಂದ ಸವರಿ, "ಫಾದರ್, ಇದನ್ನ ಬಿಸಿಲು ತಿಂದಿಲ್ಲ, ನೀವೇ ತಿಂದೀರಿ. ಇನ್ನ ಕಾಂಪೌಂಡ್ ಮುಟ್ಟಬ್ಯಾಡ್ರಿ. ತೊಳೀರಿ, ಮೇಣ ಹಚ್ಚಿ ಬಿಡ್ರಿ" ಎಂದರು. ಹೊಳಪಿನ ಹಟದಲ್ಲಿ ನಾನು ವರ್ಷಗಟ್ಟಲೆ ಮಾಡಿದ ಆರೈಕೆಯೇ ಆ ಬಣ್ಣವನ್ನು ಸವೆಸಿತ್ತು! ಗುರುಗಳಾಗಿ, ತಂದೆತಾಯಿಗಳಾಗಿ ನಾವು ಕೆಲವರನ್ನು ತಿದ್ದುವ ರೀತಿ ಆಗ ನೆನಪಾಯಿತು. ಅದು ಬೇರೆಯೇ ಲೇಖನದ ವಿಷಯ, ಇಲ್ಲಿಗೆ ಬಿಡುತ್ತೇನೆ.

ಹಾಗಾದರೆ ಇನ್ನು ಉಳಿದದ್ದು ತೊಳೆಯುವುದು ಮತ್ತು ಮೇಣ ಹಚ್ಚುವುದು. ಮೇಣವು ಹೋದ ಬಣ್ಣವನ್ನು ತಾರದು. ಇರುವುದರ ಮೇಲೆ ಕೆಲವು ವಾರ ತೆಳುವಾದ ಮರೆಯಾಗಿ ನಿಂತು ತಾನೂ ಕರಗುತ್ತದೆ. ನಮ್ಮ ಸೀಮೆಯ ಧೂಳನ್ನು ನೀವು ಬಲ್ಲಿರಿ. ಕೂಡ್ಲಿಗಿಯ ಕೆಮ್ಮಣ್ಣು, ಹಡಗಲಿ ಕಡೆಯ ಎರೆಮಣ್ಣು, ಸಂಡೂರು ಹೊಸಪೇಟೆಗಳ ಹಾದಿ ಹಿಡಿದರೆ ಅದಿರಿನ ಕಣ. ಆ ಕಬ್ಬಿಣದ ಕಣಗಳು ಬಣ್ಣದೊಳಗೆ ನಾಟಿಕೊಂಡು ತುಕ್ಕಿನ ಚುಕ್ಕೆಗಳಾಗುತ್ತವೆ. ಒಣ ಬಟ್ಟೆಯಿಂದ ಒರೆಸಿದರೆ ಧೂಳೇ ಉಪ್ಪುಕಾಗದವಾಗಿ ಗೀರುತ್ತದೆ. ಕೊಳವೆಬಾವಿಯ ಗಡಸು ನೀರು ಒಣಗಿದಲ್ಲಿ ಬಿಳಿಯ ಕಲೆ. ಸಂಜೆ ತೊಳೆದ ಕಾರು ಮರುದಿನ ಮಧ್ಯಾಹ್ನಕ್ಕೆ ಮತ್ತೆ ಮೊದಲಿನಂತೆ.

ಹೀಗಿರುವಾಗ ಕೈಗೆ ಹುರುಪು ಎಲ್ಲಿಂದ ಬರಬೇಕು? ಮಾರಾಟದ ಬೆಲೆಯಿಂದ ಬರದು. ಈ ವಯಸ್ಸಿನ ಕಾರನ್ನು ಕೊಳ್ಳುವವನು ಕಾಗದಪತ್ರ ನೋಡುತ್ತಾನೆ, ಎಂಜಿನ್ ಸದ್ದು ಕೇಳುತ್ತಾನೆ, ಬಣ್ಣದ ಕಡೆ ಕಣ್ಣೆತ್ತುವುದಿಲ್ಲ. ಜನರ ಮೆಚ್ಚುಗೆಯಿಂದಲೂ ಬರದು, ಏಕೆಂದರೆ ಯಾರೂ ಮೆಚ್ಚುವುದಿಲ್ಲ. ಆಯುಧಪೂಜೆಯ ದಿನ ನಮ್ಮ ಊರುಗಳಲ್ಲಿ ಟ್ರ್ಯಾಕ್ಸು, ಟ್ರ್ಯಾಕ್ಟರು, ಸೈಕಲ್ಲುಗಳೆಲ್ಲ ತೊಳೆಸಿಕೊಂಡು ಚೆಂಡುಹೂವಿನ ಹಾರ ಧರಿಸಿ ನಿಲ್ಲುವುದನ್ನು ನಾನು ಸಂತೋಷದಿಂದ ನೋಡುತ್ತೇನೆ. ದುಡಿಯುವ ಸಾಧನಕ್ಕೆ ಕೃತಜ್ಞರಾಗಿರುವ ಆ ಸಂಸ್ಕಾರ ದೊಡ್ಡದು. ಆದರೆ ಹಬ್ಬದ ಹುರುಪಿಗೆ ಊರೆಲ್ಲ ಜೊತೆಗಿರುತ್ತದೆ. ಉಳಿದ ಐವತ್ತೊಂದು ವಾರಗಳಲ್ಲಿ ಬಕೆಟ್ಟಿನ ಮುಂದೆ ನಾವೊಬ್ಬರೇ.

ಕ್ರಿ.ಶ. ನಾಲ್ಕನೆಯ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿ ಬಾಳಿದ ಸನ್ಯಾಸಿಗಳು ಈ ಜಡತ್ವಕ್ಕೆ 'ಅಸೀಡಿಯ' ಎಂಬ ಹೆಸರಿಟ್ಟಿದ್ದರು. ಅವರಲ್ಲಿ ಒಬ್ಬರಾದ ಇವಾಗ್ರಿಯುಸ್ ಇದನ್ನು ನಡುಹಗಲಿನ ಪಿಶಾಚಿ ಎಂದು ಕರೆದರು. ಅದು ಹಿಡಿದವನಿಗೆ ಸೂರ್ಯ ಚಲಿಸದೆ ನಿಂತಂತೆ ತೋರುತ್ತದೆ. ಅವನು ಮತ್ತೆಮತ್ತೆ ಕಿಟಕಿಯಾಚೆ ನೋಡುತ್ತಾನೆ, ಕೈಗೆಲಸವನ್ನು ಹೇಸುತ್ತಾನೆ, ಬೇರೆಲ್ಲೋ ಇನ್ನೂ ಸುಲಭವಾದ ಸ್ಥಳವಿದೆಯೆಂದು ಕನಸು ಕಾಣುತ್ತಾನೆ. ಸೆಮಿನರಿಯಲ್ಲಿ ಇದನ್ನು ಪರೀಕ್ಷೆಗಾಗಿ ಓದಿದ್ದೆ. ಅರ್ಧ ಉಜ್ಜಿದ ಬಾನೆಟ್ಟನ್ನು ಬಿಟ್ಟು ಒಳಗೆ ಕುಳಿತು, ಪತ್ರಿಕೆಯಲ್ಲಿದ್ದ ಹೊಸ ಕಾರಿನ ಜಾಹೀರಾತನ್ನು ತದೇಕಚಿತ್ತದಿಂದ ನೋಡುತ್ತಿದ್ದ ಸಂಜೆ ಅದು ಅರ್ಥವಾಯಿತು.

ಅದೇ ಮರುಭೂಮಿಯ ಅಬ್ಬಾ ಪೌಲ್ ಎಂಬ ಸನ್ಯಾಸಿಯ ವೃತ್ತಾಂತವನ್ನು ಜಾನ್ ಕ್ಯಾಸಿಯನ್ ದಾಖಲಿಸಿದ್ದಾರೆ. ಆತ ವಾಸವಿದ್ದ ಸ್ಥಳ ಊರುಗಳಿಂದ ಏಳು ದಿನಗಳ ದಾರಿ. ಮಾಡಿದ ಕೆಲಸವನ್ನು ಪೇಟೆಗೆ ಸಾಗಿಸಿದರೆ ಬರುವ ಹಣಕ್ಕಿಂತ ಸಾಗಣೆಯ ಖರ್ಚೇ ಹೆಚ್ಚು. ಆದರೂ ಆತ ತಾಳೆಗರಿ ಸಂಗ್ರಹಿಸಿ ಪ್ರತಿದಿನ ತಪ್ಪದೆ ತನ್ನ ಪಾಲಿನ ಕೈಗೆಲಸ ಮಾಡುತ್ತಿದ್ದ. ವರ್ಷಾಂತ್ಯದಲ್ಲಿ ಗುಹೆ ತುಂಬಿದಾಗ ಎಲ್ಲಕ್ಕೂ ಬೆಂಕಿಯಿಟ್ಟು ಮತ್ತೆ ಮೊದಲಿನಿಂದ ಆರಂಭಿಸುತ್ತಿದ್ದ. ಫಲದ ಆಸೆಯಿಲ್ಲದೆ ಕೆಲಸ ಮಾಡುವವನ ಮನಸ್ಸು ನೆಲೆ ನಿಲ್ಲುತ್ತದೆ ಎಂಬುದು ಕಥೆಯ ಆಶಯ.

ಈ ಕಥೆಯನ್ನು ಬಹುಕಾಲ ಮೆಚ್ಚಿಕೊಂಡಿದ್ದ ನನಗೆ ಈಗ ಅದು ಪೂರ್ತಿ ಒಪ್ಪಿಗೆಯಾಗುತ್ತಿಲ್ಲ. ಕೆಲಸವು ಕೇವಲ ಕೆಲಸಗಾರನ ಆತ್ಮಶುದ್ಧಿಯ ಸಾಧನವಾದರೆ ಕೈಯಲ್ಲಿರುವ ವಸ್ತುವಿಗೆ ಯಾವ ಬೆಲೆಯೂ ಉಳಿಯುವುದಿಲ್ಲ. ಕಾರಾದರೇನು, ಕಲ್ಲಾದರೇನು? ಅರಿಸ್ಟಾಟಲ್ ಮಾಡುವ ಕಾರ್ಯಗಳನ್ನು ಎರಡಾಗಿ ವಿಂಗಡಿಸಿದ. ಕೆಲವು ಕಾರ್ಯಗಳ ಗುರಿ ಅವುಗಳಿಂದ ಹುಟ್ಟುವ ವಸ್ತು, ಮನೆ ಕಟ್ಟಿದಂತೆ. ಕೆಲವಕ್ಕೆ ಚೆನ್ನಾಗಿ ಮಾಡುವುದೇ ಗುರಿ, ನ್ಯಾಯವಾಗಿ ನಡೆದಂತೆ. ಹಳೆಯ ಕಾರು ತೊಳೆಯುವುದು ಈ ಎರಡರಲ್ಲಿ ಯಾವುದು? ಹೊಸದೇನೂ ನಿರ್ಮಾಣವಾಗುವುದಿಲ್ಲ, ಹಾಗೆಂದು ಅದು ಬರಿಯ ಸದ್ಗುಣದ ಅಭ್ಯಾಸವೂ ಅಲ್ಲ. ಇರುವುದನ್ನು ಇರಗೊಡುವ ಈ ಕೆಲಸಗಳಿಗೆ ತತ್ತ್ವಶಾಸ್ತ್ರಜ್ಞರು ಸಾಕಷ್ಟು ಗಮನ ಕೊಟ್ಟಿಲ್ಲವೆಂದು ನನ್ನ ಅನಿಸಿಕೆ. ಬಹುಶಃ ಅವರ ಮನೆಗಳಲ್ಲಿ ಅವನ್ನು ಬೇರೆಯವರು ಮಾಡುತ್ತಿದ್ದರು.

ನಮ್ಮ ಜಿಲ್ಲೆ ಈ ಪಾಠವನ್ನು ಕಣ್ಣಾರೆ ಕಂಡಿದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಕ್ರೆಸ್ಟ್‌ಗೇಟುಗಳ ಪೈಕಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಹಿನ್ನೀರಿನ ದಡದ ಹಗರಿಬೊಮ್ಮನಹಳ್ಳಿ, ಹಡಗಲಿಗಳ ಜನ ಆ ವಾರ ಬೇರೆ ಮಾತಾಡಲಿಲ್ಲ. ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟಿನ ತುಂಡುಗಳನ್ನು ಇಳಿಸಿ, ವಾರದೊಳಗೆ ನೀರು ನಿಲ್ಲಿಸಿದರು. ಆ ಕಾರ್ಮಿಕರಿಗೆ ನಾಡು ಚಪ್ಪಾಳೆ ತಟ್ಟಿತು, ತಟ್ಟಬೇಕಾದದ್ದೇ. ಆದರೆ ಏಳು ದಶಕಗಳ ಕಾಲ ಆ ಸರಪಳಿಗಳಿಗೆ ಗ್ರೀಸು ಹಚ್ಚಿದವರು ಯಾರು? ಅವರ ಕೆಲಸ ಸರಿಯಾಗಿ ನಡೆದ ದಿನಗಳಲ್ಲಿ ಏನೂ ಸಂಭವಿಸುತ್ತಿರಲಿಲ್ಲ. ಏನೂ ಸಂಭವಿಸದ ದಿನಕ್ಕೆ ಯಾವ ಪತ್ರಿಕೆಯೂ ವರದಿಗಾರನನ್ನು ಕಳಿಸುವುದಿಲ್ಲ.

"ಸರಪಳಿಗೂ ಬಣ್ಣಕ್ಕೂ ಎಲ್ಲಿಯ ಹೋಲಿಕೆ, ಹೊರಮೈಯ ಹೊಳಪು ಬರಿಯ ಡಂಭವಲ್ಲವೇ?" ಎಂದು ನೀವು ಆಕ್ಷೇಪಿಸಬಹುದು. ನ್ಯಾಯವಾದ ಆಕ್ಷೇಪ. ಕೊಟ್ಟೂರಿನ ಸಮೀಪದ ಉಜ್ಜಿನಿಯ ಗುಡಿಯ ಬಗ್ಗೆ, "ಹಂಪಿ ಹೊರಗೆ ನೋಡು, ಉಜ್ಜಿನಿ ಒಳಗೆ ನೋಡು" ಎಂಬ ಮಾತು ನಮ್ಮಲ್ಲಿ ಪ್ರಚಲಿತವಾಗಿದೆ. ಆದರೆ ಗಮನಿಸಿ: ಒಳಗನ್ನು ನೋಡು ಎನ್ನಿಸಿಕೊಂಡ ಅದೇ ಗುಡಿಯ ಹೊರಗಿನ ಶಿಖರಕ್ಕೆ ಪ್ರತಿ ವರ್ಷ ಜಾತ್ರೆಯಲ್ಲಿ ಎಣ್ಣೆಯ ಅಭಿಷೇಕ ನಡೆಯುತ್ತದೆ. ಕಳೆದ ವರ್ಷ ಎರೆದ ಎಣ್ಣೆ ಏನಾಯಿತು ಎಂದು ಕೊಡ ಹೊತ್ತುತರುವ ಭಕ್ತರು ಕೇಳುವುದಿಲ್ಲ. ನನ್ನ ಅನುಭವವೂ ಅಷ್ಟೆ: ಹೊರಮೈ ತೊಳೆಯುವ ಕೈಯೇ ಒಳಗಿನ ಕೇಡನ್ನು ಮೊದಲು ಕಂಡಿದೆ. ಹಿಂಚಕ್ರದ ಕಮಾನಿನ ಮಣ್ಣು ತೆಗೆಯುವಾಗ ತಗಡು ತುಕ್ಕು ಹಿಡಿದು ತೂತಾಗುತ್ತಿರುವುದು ಬೆರಳಿಗೆ ತಾಗಿತು. ಇನ್ನೊಮ್ಮೆ ಚಕ್ರದ ಒಳಬದಿಯಲ್ಲಿ ಬ್ರೇಕ್ ಎಣ್ಣೆಯ ತೇವ ಕಂಡಿತು. ಅಂದು ತೊಳೆಯದಿದ್ದರೆ ಸೋಮವಾರ ಹರಪನಹಳ್ಳಿಯ ದಾರಿಯಲ್ಲಿ ಅದು ಗೊತ್ತಾಗುತ್ತಿತ್ತು.

ಆದರೂ ನನ್ನನ್ನು ಮತ್ತೆ ಬಕೆಟ್ಟಿನ ಬಳಿ ತಂದದ್ದು ಇದಾವುದೂ ಅಲ್ಲ. ಕಾರು ತೊಳೆಯುವುದನ್ನು ಬಿಟ್ಟು ಎರಡು ತಿಂಗಳಾಗಿದ್ದ ಸಮಯ. ಹಡಗಲಿ ಕಡೆಯ ಒಂದು ತಾಂಡಾದಿಂದ ಒಬ್ಬ ಅಜ್ಜಿಯನ್ನು ಆಸ್ಪತ್ರೆಗೆ ಕರೆದೊಯ್ಯಬೇಕಾಯಿತು. ಕೆಂಧೂಳು ಮೆತ್ತಿದ್ದ ಕಾರಿನ ಬಾಗಿಲು ತೆರೆದೆ. ಆ ತಾಯಿ ಹತ್ತುವ ಮುನ್ನ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಂಡರು. "ಇರಲಿ ಅಮ್ಮಾ, ಹಾಕ್ಕೊಳ್ಳಿ, ಕಾರೇ ಧೂಳಾಗಿದೆ" ಎಂದೆ. "ಗಾಡಿ ಹೊಲಸು ಆಗ್ತದ ಸ್ವಾಮಿ" ಎಂದರು. ಆಸ್ಪತ್ರೆ ಮುಟ್ಟುವವರೆಗೂ ಚಪ್ಪಲಿಗಳನ್ನು ಸೆರಗಿನಲ್ಲಿ ಸುತ್ತಿ ಮಡಿಲಲ್ಲೇ ಇಟ್ಟುಕೊಂಡಿದ್ದರು. ಕನ್ನಡಿಯಲ್ಲಿ ಅದನ್ನು ನೋಡುತ್ತ ನಾನು ನಾಚಿದೆ. ನಾನು ಕೈಬಿಟ್ಟಿದ್ದ ವಸ್ತುವಿಗೆ ಆಕೆ ಗೌರವ ಸಲ್ಲಿಸುತ್ತಿದ್ದರು. ತಗಡಿಗೆ ನಾವು ಯಾವ ಋಣವನ್ನೂ ತೀರಿಸಬೇಕಾಗಿಲ್ಲ ಎಂದು ಈಗಲೂ ನಂಬುತ್ತೇನೆ. ಆದರೆ ಅದರಲ್ಲಿ ಕೂರುವವರಿಗೆ ಋಣಿಗಳಾಗಿದ್ದೇವೆ. ಒರೆಸಿದ ಆಸನ, ತೊಳೆದ ಬಾಗಿಲು, ಬರುವವರಿಗಾಗಿ ಮೊದಲೇ ಸಿದ್ಧಪಡಿಸಿದ ಆದರ. ಬಣ್ಣ ಹೋದ ಕಾರಿನಲ್ಲಿಯೂ ಅದು ಕಾಣುತ್ತದೆ.

ಇದಕ್ಕೆ ಮಿತಿಯೂ ಉಂಟು. 2023ರ ಬರದಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸಾರಲಾಯಿತು. ಕೊಡಗಳ ಸಾಲಿನ ಎದುರು ಕಾರಿಗೆ ಪೈಪು ಹಿಡಿಯುವುದು ಯಾವ ಸದ್ಗುಣವೂ ಆಗದು. ಆ ಬೇಸಿಗೆಯೆಲ್ಲ ಒದ್ದೆ ಬಟ್ಟೆಯಲ್ಲಷ್ಟೇ ಒರೆಸಿದೆ. ಬಾಗಿಲುಗಳ ಮೇಲೆ ಗೀರುಗಳು ಹೆಚ್ಚಿದವು. ಆ ಗೀರುಗಳ ಬಗ್ಗೆ ನನಗೆ ವಿಷಾದವಿಲ್ಲ. ಮಳೆ ಬಿದ್ದ ಮೇಲೂ ಒಂದು ಬಕೆಟ್ಟಿನ ಲೆಕ್ಕವನ್ನೇ ಉಳಿಸಿಕೊಂಡಿದ್ದೇನೆ. ಕಾರಿಗೆ ಹೊದಿಕೆ ಹೊದಿಸಿ, ಗೀರಾದೀತೆಂದು ಯಾರನ್ನೂ ಹತ್ತಿಸಿಕೊಳ್ಳದವರನ್ನೂ ನಾನು ಬಲ್ಲೆ. ಅವರ ಕಾರು ಹೊಳೆಯುತ್ತದೆ, ನಿಜ.

ಈಗ ನಾನು ಇಡೀ ಕಾರನ್ನು ಒಮ್ಮೆಲೇ ಉಜ್ಜುವ ಸಾಹಸ ಮಾಡುವುದಿಲ್ಲ. ಪೂರ್ತಿ ಕಾರನ್ನು ಕಣ್ಣ ಮುಂದಿಟ್ಟುಕೊಂಡರೆ ಆ ನಡುಹಗಲಿನ ಪಿಶಾಚಿ ಬಾನೆಟ್ಟಿನ ಮೇಲೆ ಬಂದು ಕೂರುತ್ತದೆ. ಬಾನೆಟ್, ಮೇಲ್ಛಾವಣಿ, ಡಿಕ್ಕಿ, ನಾಲ್ಕು ಬಾಗಿಲು, ಚಕ್ರಗಳ ಮೇಲಿನ ನಾಲ್ಕು ರೆಕ್ಕೆಗಳು ಸೇರಿ ಒಟ್ಟು ಹನ್ನೊಂದು ಭಾಗ. ಧೂಳನ್ನು ಎಲ್ಲೆಡೆ ತೊಳೆದು, ಮೇಣವನ್ನು ವಾರಕ್ಕೆ ಒಂದೇ ಭಾಗಕ್ಕೆ ಹಚ್ಚುತ್ತೇನೆ. ಹನ್ನೊಂದನೆಯದು ಮುಗಿಯುವಷ್ಟರಲ್ಲಿ ಮೊದಲನೆಯದು ಮತ್ತೆ ಮಂಕಾಗಿರುತ್ತದೆ. ಮೊದಮೊದಲು ಇದು ಸೋಲೆನಿಸುತ್ತಿತ್ತು. ಆದರೆ ಬೆಳಿಗ್ಗೆ ಉಂಡವನಿಗೆ ರಾತ್ರಿ ಹಸಿವಾದರೆ ಅದನ್ನು ಸೋಲೆಂದು ಯಾರೂ ಕರೆಯುವುದಿಲ್ಲವಲ್ಲ.

ಇಂದು ಹಿಂದಿನ ಎಡಬಾಗಿಲಿನ ಸರದಿ. ಆ ಅಜ್ಜಿ ಹತ್ತಿದ್ದು ಅದೇ ಬಾಗಿಲಿನಿಂದ. ಹಿಡಿಕೆಯ ಕೆಳಗೆ ಬಣ್ಣ ಪೂರ್ತಿ ಸವೆದು ನಾಲ್ಕು ಬೆರಳಗಲದ ಬೂದು ಕಲೆಯೊಂದಿದೆ. ಇಪ್ಪತ್ತು ವರ್ಷಗಳಿಂದ ಯಾರ್ಯಾರೋ ಕೈಯಿಟ್ಟು ಬಾಗಿಲು ತೆರೆದ ಜಾಗ ಅದು. ಅಲ್ಲಿ ಮೇಣ ನಿಲ್ಲುವುದಿಲ್ಲ. ಆದರೂ ಹಚ್ಚುತ್ತೇನೆ. ಬೆಳಕು ಇಳಿಯುತ್ತಿದೆ, ಬಕೆಟ್ ತುಂಬಿದೆ.